ಮಾವ ದ್ವೀಪ ವಿಚಾರಿಸಿದ್ದು

ಸ್ವರ್ಗದಿಂದ ವಿಮಾನವೇ ಬಂದು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ನಮ್ಮ ಸೋದರಮಾವ ಅದನ್ನು ಹತ್ತುವವನಲ್ಲ! ಮೊದಲು ವಿಮಾನ ನಡೆಸುವವನನ್ನು ಕೆಳಗಿಳಿಸಿ, ಚಹಾ ಕುಡಿಸಿ, ವಿಚಾರಣೆ ಶುರು ಮಾಡುತ್ತಾನೆ. ‘ಅಲ್ಲೆ ನೀರ ಹೆಂಗದಾವ? ಸಿಹಿನೋ ಸವಳೋ? ಮಂದಿ ಹೆಂಗ? ಹೊಳ್ಳಿ ಬರೂ ಕಡೀ ಗಾಡಿ ಎಷ್ಟಕ್ಕ ಐತಿ?’ ಹೊಳ್ಳಿ ಎಂದರೆ ನಮ್ಮ ಕಡೆ ಮರಳಿ ಎಂದರ್ಥ. ಹೊಳ್ಳಿ ಬರುವ ಗಾಡಿಯೇ ಇಲ್ಲವೆಂದು ಗೊತ್ತಾದರೆ, ‘ಹಂಗಾರ ನೀ ಮುಂದ ನಡೀಪಾ, ನಾ ಆಮ್ಯಾಲ ನೋಡತೇನಿ’ ಎಂದು ಅಂಗಡಿಗೆ ಹೋಗಿ ಕೂತುಬಿಡುತ್ತಾನೆ. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದಿರಾ? ಮಾವನ ವಿಷಯದಲ್ಲಿ ಉತ್ಪ್ರೇಕ್ಷೆಗೆ ಜಾಗವೇ ಇಲ್ಲ. ಇದ್ದಬದ್ದ ಜಾಗವನ್ನೆಲ್ಲ ಆತನೇ ತುಂಬಿಬಿಟ್ಟಿದ್ದಾನೆ.

ಬೈಲಹೊಂಗಲದ ಪೇಟೆಯಲ್ಲಿ ಅವನದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಸುತ್ತಲಿನ ಹಳ್ಳಿಯ ರೈತರು ಅವನನ್ನು ‘ಸಾವಕಾರ್ರ’ ಎಂದು ಕರೆಯುತ್ತಾರೆ. ಬೋರು ಕೊರೆಸುವ ಮೊದಲು ನೆಲ ನೋಡಬೇಕು, ಪಂಪು ಇಳಿಸುವ ಮೊದಲು ಆಳ ನೋಡಬೇಕು ಎಂಬುದು ಅವನ ವ್ಯಾಪಾರದ ನಿಯಮ. ಆ ನಿಯಮವನ್ನು ಇಡೀ ಬಾಳಿಗೇ ಹಬ್ಬಿಸಿದ್ದೇ ತೊಂದರೆಗೆ ಮೂಲ. ಒಮ್ಮೆ ಕಿತ್ತೂರಿನಲ್ಲಿ ನೆಂಟರ ಮದುವೆ. ಅಡುಗೆಯವನು ಯಾರು, ಅವನ ಸಾರಿಗೆ ಉಪ್ಪು ಹೇಗೆ, ಮಂಟಪದ ನೆರಳು ಯಾವ ಕಡೆ ಬೀಳುತ್ತದೆ ಎಂದು ಮಾವ ಫೋನಿನ ಮೇಲೆ ಫೋನು ಮಾಡಿ ವಿಚಾರಿಸಿದ. ಎಲ್ಲ ಸಮಾಧಾನವಾಗಿ ಹೊರಟು ಕಿತ್ತೂರು ಮುಟ್ಟಿದಾಗ, ಬೀಗರು ಬಾಡಿಗೆಯ ಪಾತ್ರೆಗಳನ್ನು ತೊಳೆದು ಗಾಡಿಗೆ ಏರಿಸುತ್ತಿದ್ದರು!

ಇನ್ನು ನವಿಲುತೀರ್ಥದ ಕತೆ ಕೇಳಿ. ತೊಂಬತ್ತರ ದಶಕದ ಒಂದು ಶ್ರಾವಣ. ಅಲ್ಲಿನ ಡ್ಯಾಮು ತುಂಬಿದೆ ಎಂಬ ಸುದ್ದಿ ಬಂದು ನಮ್ಮ ಮನೆಯವರೆಲ್ಲ ಕುಣಿಯತೊಡಗಿದೆವು. ಎಲ್ಲರಿಗಿಂತ ಹೆಚ್ಚು ಕುಣಿದವಳು ಅತ್ತೆ, ಅಂದರೆ ಮಾವನ ಹೆಂಡತಿ. ಕಡಕ್ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ ಎಂದು ಬುತ್ತಿಯ ತಯಾರಿ ನಡೆಸಿದಳು. ಹೊರಡುವ ಹಿಂದಿನ ದಿನ ಮಾವ ಯಾರಿಗೂ ಹೇಳದೆ ಒಬ್ಬನೇ ಬಸ್ಸು ಹತ್ತಿ ಹೋಗಿ ಡ್ಯಾಮು ನೋಡಿಕೊಂಡು ಬಂದ.

‘ನೋಡಿ ಬಂದೆ. ಚಲೋ ಐತಿ. ನೀರ ಭಾಳ ಅದಾವ. ಗ್ವಾಡಿನೂ ಗಟ್ಟಿ ಐತಿ.’

‘ಹಂಗಾರ ನಾಳೆ ಲಗೂನ ಹೊಂಡೂಣ್ರಿ!’ ಎಂದಳು ಅತ್ತೆ.

‘ಇನ್ನ್ಯಾಕ? ನಾ ನೋಡಿ ಬಂದೇನಲ್ಲ!’

ಮರುದಿನ ಆ ಬುತ್ತಿಯನ್ನು ನಾವು ಮಾಳಿಗೆಯ ಮೇಲೆ ಕೂತು ಉಂಡೆವು. ಮಾವ ನಡುವೆ ನಿಂತು, ಇತ್ತ ನೀರು, ಅತ್ತ ಗೇಟು ಎಂದು ಕೈ ಮಾಡಿ ತೋರಿಸುತ್ತಾ ಡ್ಯಾಮನ್ನು ವರ್ಣಿಸಿದ. ‘ಅಲ್ಲೆ ಗಾಳಿ ಹೆಂಗ ಬರತೈತ್ರಿ?’ ಎಂದು ಅತ್ತೆ ಕೊಂಕು ತೆಗೆದಳು. ಮಾವನಿಗೆ ಕೊಂಕು ಎಲ್ಲಿ ತಿಳಿಯಬೇಕು? ಕೆಳಗೆ ಹೋಗಿ ಮೊರ ತಂದು ಅವಳಿಗೆ ಗಾಳಿ ಬೀಸತೊಡಗಿದ. ‘ಹಿಂಗ ಬರತೈತಿ ನೋಡು. ಇದಕ್ಕಿಂತ ತುಸು ಜೋರ.’ ಅತ್ತೆ ಸಿಟ್ಟನ್ನು ಮರೆತು ನಕ್ಕಳು, ಆದರೆ ಡ್ಯಾಮು ಅವಳ ಪಾಲಿಗೆ ಹಾಗೆಯೇ ಉಳಿಯಿತು.

ನನ್ನ ಮದುವೆಯಲ್ಲಾದರೂ ಸುಮ್ಮನಿದ್ದನೇ? ರಾಮದುರ್ಗಕ್ಕೆ ಕನ್ಯೆ ನೋಡಲು ಹೋಗಬೇಕಿತ್ತು. ಹಿಂದಿನ ದಿನವೇ ಮಾವ ಹಳೇ ಅಂಗಿ ತೊಟ್ಟು, ಚೀಲದಲ್ಲಿ ಪಾನಾ ಇಕ್ಕಳ ಹಾಕಿಕೊಂಡು, ‘ಪಂಪ್ ರಿಪೇರಿ ಏನರೆ ಐತೇನ್ರಿ?’ ಎಂದು ಆ ಮನೆಯ ಹಿತ್ತಲಿಗೇ ಹೋಗಿ ನಿಂತಿದ್ದಾನೆ. ದೈವಯೋಗ ನೋಡಿ, ಅವರ ಪಂಪು ನಿಜವಾಗಿಯೂ ಕೆಟ್ಟಿತ್ತು! ಮಧ್ಯಾಹ್ನವೆಲ್ಲ ಕೂತು ರಿಪೇರಿ ಮಾಡಿ, ಅವರ ನೀರು ಕುಡಿದು, ಅವರ ಮಾತು ಕೇಳಿಸಿಕೊಂಡು ಬಂದ. ಮರುದಿನ ಇಸ್ತ್ರಿ ಮಾಡಿದ ಕೋಟು ತೊಟ್ಟು ನಮ್ಮ ಜೊತೆ ಹಿರಿಯನಾಗಿ ಕೂತಾಗ, ಕನ್ಯೆಯ ತಂದೆ ಅವಲಕ್ಕಿ ಹಿಡಿದುಕೊಂಡು ಬಂದವರು ಅಲ್ಲಿಯೇ ನಿಂತುಬಿಟ್ಟರು.

‘ನಿನ್ನಿ ನಮ್ಮ ಪಂಪ್ ರಿಪೇರಿಗೆ ಬಂದಾವರು ನೀವ ಅಲ್ಲೇನ್ರಿ?’

ನನಗೆ ಬೆವರು ಕಿತ್ತು ಬಂತು. ಮಾವ ಮಾತ್ರ ಅಳುಕಲಿಲ್ಲ. ‘ಹೌದ್ರಿ. ನಿಮ್ಮ ನೀರ ಭಾಳ ಸಿಹಿ ಅದಾವ. ಅದಕ್ಕ ಹೊಳ್ಳಿ ಬಂದೇವಿ!’

ಮನೆ ತುಂಬ ನಗೆ ಎದ್ದಿತು, ಸಂಬಂಧ ಕುದುರಿತು. ‘ನಿಮ್ಮ ಮಾವಾರು ನನ್ನ ನೋಡಲೇ ಇಲ್ಲ. ನಮ್ಮ ಮೋಟರ್ ನೋಡಿ ಹೂಂ ಅಂದ್ರು’ ಎಂದು ನನ್ನ ಹೆಂಡತಿ ಈಗಲೂ ಅನ್ನುತ್ತಾಳೆ. ಆ ಪಂಪು ಇಂದಿಗೂ ಒಂದು ದಿನವೂ ಕೆಟ್ಟಿಲ್ಲ. ನಮ್ಮ ಸಂಸಾರದ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಇಂಥ ಮಾವನ ಕೊರಳಿಗೆ ಒಂದು ದ್ವೀಪ ಬಂದು ಬಿದ್ದರೆ ಏನಾಗಬೇಡ!

ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಆ ಸಲ ಮಾವನ ಅಂಗಡಿಯಲ್ಲಿ ಪಂಪುಗಳ ಮಾರಾಟ ಜೋರು. ಕಂಪನಿಯವರು ಖುಷಿಯಾಗಿ, ಚೆನ್ನಾಗಿ ಮಾರಿದ ಡೀಲರುಗಳನ್ನು ಗಂಡಹೆಂಡತಿ ಜೋಡಿಯಾಗಿ ವಿದೇಶ ಪ್ರವಾಸಕ್ಕೆ ಕಳಿಸುತ್ತೇವೆ ಎಂದರು. ಮೊದಲೆಲ್ಲ ಬ್ಯಾಂಕಾಕಿಗೆ ಕಳಿಸುತ್ತಿದ್ದರಂತೆ. ಬ್ಯಾಂಕಾಕ್ ಎಂದರೆ ಡೀಲರುಗಳ ಹೆಂಡಂದಿರು ಮುಖ ಗಂಟು ಹಾಕುತ್ತಿದ್ದುದರಿಂದ, ಈ ಸಲ ಹಿಂದೂ ಮಹಾಸಾಗರದ ನಡುವಿನ ರಿಯೂನಿಯನ್ ಎಂಬ ದ್ವೀಪವನ್ನು ಹುಡುಕಿದ್ದರು. ಫ್ರೆಂಚರ ದ್ವೀಪ, ಫ್ರೆಂಚ್ ಮಾತು, ಸುತ್ತ ನೀಲಿ ಕಡಲು. ಪ್ರವಾಸ ಬೇಡವಾದವರಿಗೆ ಅದರ ಬದಲು ಒಂದು ಮೋಟರ್ ಸೈಕಲ್. ಯಾವುದು ಬೇಕೆಂದು ದೀಪಾವಳಿಯೊಳಗೆ ತಿಳಿಸಬೇಕು.

ಅತ್ತೆಯ ಸಂಭ್ರಮ ಏನು ಹೇಳಲಿ! ತೊರಗಲ್ಲಿನಲ್ಲಿ ಹುಟ್ಟಿ, ಬೈಲಹೊಂಗಲಕ್ಕೆ ಸೊಸೆಯಾಗಿ ಬಂದು, ನವಿಲುತೀರ್ಥವನ್ನು ಮೊರದ ಗಾಳಿಯಲ್ಲಿ ನೋಡಿದ ಹೆಂಗಸು ಆಕೆ. ಅದರ ಹಿಂದಿನ ವರ್ಷವಷ್ಟೇ ಜ್ವರ ತಲೆಗೇರಿ, ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಮಲಗಿ ಎದ್ದು ಬಂದಿದ್ದಳು. ‘ದೇವರು ಹೊಳ್ಳಿ ಕಳಿಸಿದ್ದು ಅಡಗಿ ಮನ್ಯಾಗ ಕುಂದರ್ಲಿ ಅಂತಲ್ಲ. ಏನರೆ ನೋಡಲಿ ಅಂತ. ನಾ ಇವರ ಜೋಡೀನ ಸಮುದ್ರಾ ನೋಡಾಕಿ!’ ಎಂದು ಊರಿಗೆಲ್ಲ ಹೇಳಿದಳು. ಕಡಲ ತೀರದಲ್ಲಿ ನಡೆಯಲು ಬೇಕೆಂದು ಬಿಳಿ ಬೂಟು ಕೊಂಡು, ಇಳಕಲ್ಲ ಸೀರೆಯ ಕೆಳಗೆ ಹಾಕಿಕೊಂಡು ಮಾಳಿಗೆಯ ಮೇಲೆ ಅತ್ತಿಂದಿತ್ತ ಓಡಾಡಿದಳು. ವಿಮಾನದಲ್ಲಿ ತಲೆ ಸುತ್ತಬಾರದೆಂದು ಮನೆಯ ಜೋಕಾಲಿಯಲ್ಲಿ ಕೂತು, ಕಣ್ಣು ಮುಚ್ಚಿ ತೂಗಿಸಿಕೊಂಡಳು.

ಮಾವ? ಆತ ವಿಚಾರಣೆಗೆ ಇಳಿದಿದ್ದ!

ನಾನು ಆಗ ಸವದತ್ತಿಯ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಒಂದು ದಿನ ಪಾಠ ನಡೆದಿರುವಾಗ ಮಾವ ನೇರವಾಗಿ ವರ್ಗದೊಳಗೆ ಬಂದ. ಇನ್‌ಸ್ಪೆಕ್ಟರು ಎಂದುಕೊಂಡು ಮಕ್ಕಳೆಲ್ಲ ಎದ್ದು ನಿಂತವು. ಮಾವ ಅವರನ್ನು ಕೂಡ್ರಿಸಿ, ‘ಎಲ್ಲೈತಿ ತೋರ್ಸು’ ಎಂದ. ನಾನು ಗೋಲ ತಿರುಗಿಸಿ ತೋರಿಸಿದೆ. ದ್ವೀಪದ ಹೆಸರಿಗೆ ಹಿಡಿದಷ್ಟು ಜಾಗ ದ್ವೀಪಕ್ಕೇ ಇರಲಿಲ್ಲ.

‘ಇದೇನು, ಊರೋ? ನೊಣಾ ಕುಂತು ಹೋಗಿದ್ದೋ?’ ಎಂದು ಹೆಬ್ಬೆರಳಿನಿಂದ ಗಸಗಸ ತಿಕ್ಕಿದ. ಚುಕ್ಕೆ ಅಳಿಯಲಿಲ್ಲ. ‘ಐತಿ ಬಿಡು’ ಎಂದು ಒಪ್ಪಿಕೊಂಡ. ‘ತೊರಗಲ್ಲ ಕ್ವಾಟಿಗಿಂತ ಸಣ್ಣದೋ ದೊಡ್ಡದೋ?’

ಹೆಂಡತಿಯ ತವರೂರಿನ ಕೋಟೆ ಅವನಿಗೆ ಜಗತ್ತನ್ನೆಲ್ಲ ಅಳೆಯುವ ಅಳತೆಗೋಲು. ‘ಅಂಥಾ ಎಷ್ಟೋ ಕ್ವಾಟಿ ಹಿಡಸ್ತಾವ್ರಿ ಮಾವಾ. ಅದರಾಗ ಒಂದ ಬೆಂಕಿ ಉಗುಳೋ ಗುಡ್ಡಾನೂ ಐತಿ’ ಎಂದುಬಿಟ್ಟೆ. ಭೂಗೋಳದ ಮಾಸ್ತರನ ಬಾಯಿ, ಸುಮ್ಮನಿರಬೇಕಲ್ಲ!

‘ಬೆಂಕಿ ಉಗುಳತೈತಿ? ದಿನಾನೂ?’

‘ಇಲ್ರಿ, ಆಗೊಮ್ಮಿ ಈಗೊಮ್ಮಿ.’

‘ಅದರ ಟೈಂ ಏನು?’

ಜ್ವಾಲಾಮುಖಿಗೆ ಟೈಂಟೇಬಲ್ ಇರುವುದಿಲ್ಲ ಎಂದು ಹೇಳಿದಾಗ ಮಾವನ ಮುಖ ನೋಡಬೇಕಿತ್ತು. ‘ಟೈಂ ಇಲ್ಲದ ಗುಡ್ಡಾ! ನಮ್ಮ ಯಲ್ಲಮ್ಮನ ಗುಡ್ಡಾ ನೋಡು, ಎಷ್ಟು ಸಮಾಧಾನದ್ದು. ಮ್ಯಾಲ ಹೆಸರಿನಾಗ ಬ್ಯಾರೆ ಯೂನಿಯನ್ ಐತಿ. ಹಮಾಲರ ಯೂನಿಯನ್ ಜೋಡಿ ನಂದ ಒಮ್ಮಿ ಜಗಳಾ ಆಗೇತಿ.’ ಕಂಪನಿಯವರು ಕೊಟ್ಟ ಬಣ್ಣದ ಪುಸ್ತಕವನ್ನು ತೆರೆದು ಒಂದು ದೊಡ್ಡ ಏಡಿಯ ಚಿತ್ರ ತೋರಿಸಿದ. ‘ಇದು ಅಲ್ಲಿ ಊಟಾ ಅಂತ. ನೋಡಿಲ್ಲಿ, ಉಣ್ಣಾಕ ಹ್ವಾದಾವನ್ನ ಇದ ತಿಂತೈತಿ!’

ಬೆಂಕಿ ಗುಡ್ಡದ ಸುದ್ದಿ ಕೇಳಿ ಅತ್ತೆಯ ಸಂಭ್ರಮ ಇಮ್ಮಡಿಯಾಯಿತು. ‘ಹೌದಾ? ಬೆಂಕೀನೂ ಐತಿ, ನೀರೂ ಅದಾವ! ಬುತ್ತಿ ನಾ ಕಟ್ಟತೇನಿ, ಏಡಿ ಚಿಂತಿ ಬಿಡ್ರಿ’ ಎಂದು ಗುರೆಳ್ಳು ಹುರಿಯಲು ಕೂತಳು. ರೊಟ್ಟಿ ಚಟ್ನಿಗಳ ಮುಂದೆ ಮಾವನ ತಕರಾರುಗಳು ಒಂದೊಂದಾಗಿ ಸೋತವು. ಉಳಿದದ್ದು ಭಾಷೆ ಒಂದೇ. ‘ಅಲ್ಲಿ ಮಂದಿ ಏನ ಮಾತಾಡತಾರ, ಒಮ್ಮಿ ಕಿವೀಲೆ ಕೇಳಬೇಕು. ಆಮ್ಯಾಲ ಹೂಂ ಅಂತೇನಿ’ ಎಂದ.

ಸವದತ್ತಿಯಲ್ಲಿ ದಸ್ತಗೀರ ಚಾಚಾ ಎಂಬ ಡ್ರೈವರ್ ಇದ್ದ. ಹಿಂದೆ ಆಫ್ರಿಕಾದ ಕಡೆ ಫ್ರೆಂಚ್ ಆಡುವ ಯಾವುದೋ ಬಂದರಿನಲ್ಲಿ ಲಾರಿ ಓಡಿಸಿ ಬಂದವನು. ತನಗೆ ಫ್ರೆಂಚ್ ನೀರು ಕುಡಿದಷ್ಟು ಸಲೀಸು ಎಂದು ಚಹಾದಂಗಡಿಯಲ್ಲಿ ಜಂಬ ಹೊಡೆಯುತ್ತಿದ್ದ. ನೀರೇನೋ ಹೌದು, ಆದರೆ ಒಂದೆರಡು ಗುಟುಕಷ್ಟೇ ಎಂದು ನಮಗೆ ಆಮೇಲೆ ತಿಳಿಯಿತು. ಒಂದು ಭಾನುವಾರ ಮಾವ, ಅತ್ತೆ ಇಬ್ಬರೂ ಸವದತ್ತಿಗೆ ಬಂದರು. ನಮ್ಮ ಪಡಸಾಲೆಯಲ್ಲಿ ಚಾಚಾನ ಫ್ರೆಂಚ್ ದರಬಾರು ನೆರೆಯಿತು.

‘ಬೋಂಜೂರ್! ಅಂದ್ರ ನಮಸ್ಕಾರ್ರಿ’ ಎಂದ ಚಾಚಾ.

‘ಬೋಂಜೂರ’ ಎಂದು ಅತ್ತೆ ಕೈ ಮುಗಿದಳು.

‘ವಾಹ್! ಮೆರ್ಸಿ, ಅಂದ್ರ ಶುಕ್ರಿಯಾ.’

‘ಇದೂ ಅಡ್ಡಿಯಿಲ್ಲ’ ಎಂದ ಮಾವ. ‘ಆರಾಮ ಅದೀರೇನು ಅಂತ ಹೆಂಗ ಕೇಳತಾರ?’ ನಮ್ಮ ಸೀಮೆಯಲ್ಲಿ ಅದನ್ನು ಕೇಳದೆ ಮಾತೇ ಮುಂದೆ ಹೋಗುವುದಿಲ್ಲ.

ಚಾಚಾ ಗಂಟಲು ಸರಿಮಾಡಿಕೊಂಡು, ಕೈ ಚಾಚಿ, ಮಾವನ ಮುಖವನ್ನೇ ನೋಡುತ್ತಾ ನಗುನಗುತ್ತಾ ಕೇಳಿದ: ‘ಕೊಮಾ ಸಾವಾ?’

ಮಾವ ಕೂತಲ್ಲಿಂದ ಎದ್ದ. ‘ಏನಂದಿ?’

‘ಕೊಮಾ ಸಾವಾ, ಸಾವಕಾರ್ರ! ಆರಾಮ ಅದೀರೇನು ಅಂತ ಅರ್ಥ.’

‘ಅದಕ್ಕ ನಾ ಏನನಬೇಕು?’

‘ನೀವೂ ನಕ್ಕೋತ ‘ಸಾವಾ’ ಅನಬೇಕ್ರಿ. ಅಂದ್ರ ಎಲ್ಲಾ ಆರಾಮ ಐತಿ ಅಂತ.’

ನಾವು ನಕ್ಕದ್ದೇ ನಕ್ಕದ್ದು! ನನ್ನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಕ್ಕಳು. ಮುಂಜಾನೆ ಎದ್ದರೆ ಎದುರಿಗೆ ಬಂದವ ‘ಕೋಮಾ? ಸಾವಾ?’ ಅನ್ನುವುದು, ಇವರು ‘ಹೌದು, ಸಾವೇ’ ಎಂದು ಹಲ್ಲು ಕಿರಿಯುವುದು! ಎಂಥ ದೇಶವಪ್ಪಾ! ಮಾವ ಮಾತ್ರ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ‘ಮೋಟರ್ ಸೈಕಲ್ ತಗೋತೇವಿ’ ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಅತ್ತೆ ಬಿಡುವವಳೇ? ಬಸ್ಸಿನಲ್ಲಿ, ಮನೆಯಲ್ಲಿ, ಗಿರಾಕಿಗಳ ಮುಂದೆ ವಾದವೇ ವಾದ. ‘ಊರ ಮಂದಿ ನಿಮಗ ‘ಸಾವಕಾರ್ರ’ ಅಂತಾರ. ಅದರಾಗ ಸಾವ ಇಲ್ಲೇನು? ಅದಕ್ಕ ಹೆಂಗ ಉಬ್ಬತೀರಿ! ಬಂದಾವರಿಗೆಲ್ಲ ‘ಸಾವಕಾಶ ಹೋಗಿ ಬರ್ರಿ’ ಅಂತೀರಿ, ಅದರಾಗೂ ಐತಿ. ಆಳ ಮಂದಿಗೆ ದಿನಾ ‘ಸಾಯ್ರಿ, ಸಾಯ್ರಿ’ ಅಂತೀರಿ. ಪಾಪ, ಆ ಮಂದಿ ಬರೇ ಕೇಳತಾರ!’ ಊರೆಲ್ಲ ಈ ವಾದವನ್ನು ಕೇಳಿ ನಕ್ಕಿತು. ಮಾವ ಒಂದಕ್ಕೂ ಎದುರಾಡದೆ ಪೈಪುಗಳ ಧೂಳು ಒರೆಸುತ್ತಾ ಕೂತ. ಬಿಳಿ ಬೂಟು ಡಬ್ಬಿಯೊಳಗೆ ಹೋಯಿತು. ಜೋಕಾಲಿಯ ಮೇಲೆ ಒಣಗಿದ ಬಟ್ಟೆ ಬಂದು ಬಿದ್ದವು. ಸದಾ ವಟಗುಟ್ಟುವ ಅತ್ತೆ ಮಾತು ಕಡಿಮೆ ಮಾಡಿದ್ದಾಳೆ ಎಂದು ಕೇಳಿ ನನಗೆ ತಡೆಯಲಾಗಲಿಲ್ಲ. ದೀಪಾವಳಿ ಇನ್ನೇನು ಬರುವುದಿತ್ತು. ನಾನು ಬೈಲಹೊಂಗಲಕ್ಕೆ ಹೋದೆ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ‘ಒಂದ ಮಾತಿನ ಸಲುವಾಗಿ ಅತ್ತಿ ಆಸೆ ಮುರೀತೀರೇನ್ರಿ ಮಾವಾ? ನಗೂ ಮಾತದು’ ಎಂದೆ.

ಮಾವ ಕೈಲಿದ್ದ ಅರಿವೆಯನ್ನು ಕೆಳಗಿಟ್ಟ. ‘ನಿಮಗ ನಗಿ ಬಂತು. ಬರಲಿ, ಚಲೋ ಆತು. ತಮ್ಮಾ, ಹ್ವಾದ ವರ್ಷ ಬೆಳಗಾವ್ಯಾಗ ನಿಮ್ಮತ್ತಿ ಕಣ್ಣ ತೆರೀವಲ್ಲಳಾಗಿದ್ದಳು. ಡಾಕ್ಟರ್ ಹೊರಗ ಬಂದು ‘ಕೋಮಾ’ ಅಂದ್ರು. ಎಲ್ಲಾ ವಿಚಾರಸಾಂವ ನಾನು, ಅವತ್ತ ಹಂಗಂದ್ರೇನಂತ ವಿಚಾರಸಾಕ ಬಾಯಿ ಬರಲಿಲ್ಲ. ‘ಸಾವಾ?’ ಅಂತ ಅಷ್ಟ ಕೇಳಿದೆ. ಅವರು ನನ್ನ ಹೆಗಲ ಮ್ಯಾಲ ಕೈ ಇಟ್ಟು ಒಳಗ ಹ್ವಾದ್ರು.’ ಅರಿವೆಯನ್ನು ಮಡಿಸುತ್ತಾ ಮತ್ತೆ ಹೇಳಿದ. ‘ಆ ಎರಡ ಮಾತು ಕೂಡಿ ಇನ್ನೊಮ್ಮಿ ಕಿವಿಗೆ ಬೀಳಬಾರದಂತ ಇದ್ದೆ. ದಸ್ತಗೀರ ನಕ್ಕೋತ ಅಂದಾ. ಅಲ್ಲೆ ಹ್ವಾದ್ರ ಎಲ್ಲಾರೂ ಅಂತಾರ. ಅಕಿ ಬಾಜೂಕ ನಿಂತು ನಾ ಏನ ಉತ್ತರಾ ಕೊಡ್ಲಿ?’

ಆವತ್ತು ಪಡಸಾಲೆಯಲ್ಲಿ ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದಾಗ ಈ ಮನುಷ್ಯ ದವಾಖಾನೆಯ ಬಾಗಿಲಿನ ಮುಂದೆ ನಿಂತಿದ್ದ.

ಉತ್ತರ ಬಂದದ್ದು ಅತ್ತೆಯಿಂದ. ಚಹಾ ತಂದವಳು ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಷ್ಟು ದಿನ ಗಂಡನ ಮೌನಕ್ಕೆ ಸಿಟ್ಟಾಗಿದ್ದವಳ ಕಣ್ಣು ತುಂಬಿದ್ದವು, ಬಾಯಿ ಮಾತ್ರ ಎಂದಿನಂತೆ ಗಟ್ಟಿಯಾಗಿತ್ತು. ಮಾವನ ಮುಂದೆ ಕಪ್ಪು ಇಟ್ಟು, ‘ಏನ್ರೀ, ಕೊಮಾ ಸಾವಾ?’ ಎಂದಳು.

‘ಏ, ಹಂಗನಬ್ಯಾಡ!’

‘ಯಾಕನಬಾರದು? ಕೋಮಾ ನಂದು. ಸಾವ ಬಂದದ್ದೂ ನನಗ. ಎರಡೂ ಬಿಟ್ಟ ಎದ್ದ ಬಂದು ನಿಮಗ ಚಹಾ ಕೊಡಾಕ ಹತ್ತೇನಿ. ನಾನ ಕೇಳಾಕ ಹತ್ತೇನಲ್ಲ, ಉತ್ತರಾ ಹೇಳ್ರಿ.’

ಮಾವ ಚಹಾವನ್ನು ಬಸಿಗೆ ಸುರುವಿಕೊಂಡು ಒಂದು ಗುಟುಕು ಕುಡಿದ. ‘ಆರಾಮ ಅದೇನಿ’ ಎಂದ.

‘ಫ್ರೆಂಚಿನಾಗ!’

‘ಅದನ್ನ ನಾ ಅನ್ನಂಗಿಲ್ಲ. ದ್ವೀಪಕ್ಕ ಬೇಕಾರ ಬರತೇನಿ. ಆದರ ಉತ್ತರಾ ಮಾತ್ರ ನಾ ನಂದ ಕೊಡಾಂವ.’

ಮೋಟರ್ ಸೈಕಲ್ ಕ್ಯಾನ್ಸಲ್! ಬೂಟು ಮತ್ತೆ ಡಬ್ಬಿಯಿಂದ ಹೊರಬಿತ್ತು. ಪಾಸ್‌ಪೋರ್ಟಿನ ಸಲುವಾಗಿ ಪೊಲೀಸರೊಬ್ಬರು ವಿಚಾರಣೆಗೆಂದು ಮನೆಗೆ ಬಂದಾಗ ಮಾವನ ಆನಂದಕ್ಕೆ ಪಾರವೇ ಇಲ್ಲ. ‘ಹೋಗೂಕಿಂತ ಮೊದಲ ಹಿಂಗ ವಿಚಾರಸಬೇಕು ನೋಡ್ರಿ!’ ಎಂದು ಅವರನ್ನೇ ಕೂಡ್ರಿಸಿಕೊಂಡು, ಅವರ ಊರು, ನೀರು, ಬಸ್ಸುಗಳ ವಿಚಾರಣೆ ಮುಗಿಸಿ ಕಳಿಸಿದ. ರೊಟ್ಟಿಯ ಗಂಟು, ಚಟ್ನಿಪುಡಿಯ ಡಬ್ಬಿಗಳ ಸಮೇತ ಇಬ್ಬರೂ ಹಾರಿಹೋದರು. ಜೀವನದಲ್ಲಿ ಮೊದಲ ಸಲ ಮಾವ ತಾನು ಮುಂಚೆ ನೋಡಿರದ ಊರಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ.

ತಿರುಗಿ ಬಂದ ಮೇಲೆ ಸವದತ್ತಿಯ ಅದೇ ಪಡಸಾಲೆಯಲ್ಲಿ ಕೂತು ಅತ್ತೆ ಹೇಳಿದ್ದೇ ಹೇಳಿದ್ದು. ಕಡಲು ಎಷ್ಟು ನೀಲಿ! ಗುಡ್ಡ ಎಷ್ಟು ಎತ್ತರ! ಬೆಂಕಿ ಆ ದಿನ ರಜೆಯ ಮೇಲಿತ್ತಂತೆ. ಮಾವ ಸಮುದ್ರದ ನೀರು ಬಾಯಿಗೆ ಹಾಕಿಕೊಂಡು, ‘ಪೂರಾ ಸವಳ. ಇದಕ್ಕ ನಮ್ಮ ಪಂಪ್ ನಡ್ಯಂಗಿಲ್ಲ’ ಎಂದು ತೀರ್ಪು ಕೊಟ್ಟನಂತೆ. ದಸ್ತಗೀರ ಚಾಚಾ ತನ್ನ ಶಿಷ್ಯರ ಪ್ರತಾಪ ಕೇಳಲು ಮುಂದೆ ಸರಿದು ಕೂತ. ‘ಮತ್ತ ಕೊಮಾ ಸಾವಾ ಅಂತ ಯಾರರೆ ಕೇಳಿದ್ರೇನ್ರಿ ಅಕ್ಕಾರ?’

ಮಾವ ತಟ್ಟನೆ ಎದ್ದು ನೀರು ಕುಡಿಯಲು ಒಳಗೆ ಹೋದ. ಅತ್ತೆ ದನಿ ಇಳಿಸಿದಳು. ಮೊದಲನೆಯ ದಿನ ಮುಂಜಾನೆ, ಹೋಟೆಲಿನ ಕಿಟಕಿಯಾಚೆ ಕಡಲು ಹೊಳೆಯುತ್ತಿತ್ತಂತೆ. ಚಹಾ ತಂದವ ನಗುತ್ತಾ ಮಾವನ ಎದುರಿಗೆ ಬಂದು ‘ಕೊಮಾ ಸಾವಾ?’ ಎಂದು ಕೇಳಿಯೇ ಬಿಟ್ಟನಂತೆ. ಮನೆಯಲ್ಲಿಯೂ ನಾಲ್ಕು ಜನರ ಮುಂದೆ ಅವಳನ್ನು ಮುಟ್ಟದ ಮಾವ, ಎಲ್ಲ ಡೀಲರುಗಳೂ ನೋಡುತ್ತಿರುವಾಗ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಆಮೇಲೆ ಆ ಫ್ರೆಂಚಿನವನ ಮುಖ ನೋಡಿ, ಅಪ್ಪಟ ಬೈಲಹೊಂಗಲದ ಮಾತಿನಲ್ಲಿ ಹೇಳಿದ:

‘ಬಂದಿತ್ತೋ ತಮ್ಮಾ. ಹೊಳ್ಳಿ ಕಳಿಸೇವಿ.’